ರೊಟ್ಟಿ ಪಂಚಮಿಯ ಬುಟ್ಟಿ

ನಾಗರ ಪಂಚಮಿ ಹತ್ತಿರ ಬಂತೆಂದರೆ ಮೂಡಲಗಿಯ ಆ ಓಣಿಯಲ್ಲಿ ಮಾತು ಕಡಿಮೆಯಾಗಿ ರೊಟ್ಟಿ ಬಡಿಯುವ ಸದ್ದು ಹೆಚ್ಚಾಗುತ್ತಿತ್ತು. ನಸುಕಿಗೇ ಬೀಸುವ ಕಲ್ಲುಗಳು ತಿರುಗತೊಡಗಿದರೆ, ಹೊತ್ತೇರುವಷ್ಟರಲ್ಲಿ ಮನೆಮನೆಯ ಒಲೆಯ ಮೇಲೂ ಹಂಚು ಕಾದಿರುತ್ತಿತ್ತು. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಲ್ಲವನ್ನೂ ಹಂಚಿನ ಮೇಲೆ ಬೇಯಿಸಿ, ಕೆಂಡದ ಮಗ್ಗುಲಿಗೆ ಆನಿಸಿ, ಮುಟ್ಟಿದರೆ ಮುರಿಯುವಷ್ಟು ಕಡಕ್ಕಾಗಿ ಒಣಗಿಸಿ ಅರಿವೆಯಲ್ಲಿ ಕಟ್ಟಿಡುತ್ತಿದ್ದರು. ಹಬ್ಬದ ಹಿಂದಿನ ದಿನವೇ ರೊಟ್ಟಿ ಪಂಚಮಿ. ಆ ದಿನ ಯಾರೂ ತಮ್ಮ ಮನೆಯ ರೊಟ್ಟಿಯನ್ನಷ್ಟೇ ಉಣ್ಣಬಾರದು. ಬುಟ್ಟಿಯಲ್ಲಿ ರೊಟ್ಟಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ಇಟ್ಟುಕೊಂಡು ಓಣಿಯ ಮನೆಗಳಿಗೆಲ್ಲ ಕೊಟ್ಟುಬರಬೇಕು. ಪಡೆದ ಮನೆಯವರು ಅದೇ ಬುಟ್ಟಿಯಲ್ಲಿ ತಮ್ಮ ರೊಟ್ಟಿ ಇಟ್ಟು ಕಳಿಸಬೇಕು.

ಕುಲಗೋಡದಿಂದ ಸೊಸೆಯಾಗಿ ಬಂದ ಮೊದಲ ವರ್ಷವೇ ತಾಯವ್ವನಿಗೆ ಅತ್ತೆ ಶಿವವ್ವ ಇದನ್ನು ಹೇಳಿಕೊಟ್ಟಿದ್ದಳು. "ಏನೂ ಇಲ್ಲಂದ್ರ ಒಂದು ಉಳ್ಳಾಗಡ್ಡಿನರ ಇಟ್ಟ ಕಳಸು. ಬುಟ್ಟಿ ಬರಿದು ಕಳಿಸಿದಿ ಅಂದ್ರ ಆ ಮನಿ ಋಣ ಹರಕೊಂಡಂಗ."

ಎರಡನೇ ಮಹಾಯುದ್ಧಕ್ಕೆ ಇನ್ನೂ ನಾಲ್ಕಾರು ವರ್ಷವಿದ್ದ ಕಾಲ ಅದು. ಶಿವವ್ವನ ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಮಗ ಸತ್ಯಪ್ಪ, ಸೊಸೆ ತಾಯವ್ವ, ಇನ್ನೂ ಸೆರಗು ಹಿಡಿದೇ ತಿರುಗುವ ಮೊಮ್ಮಗಳು ಪಾರವ್ವ, ಇಷ್ಟೇ ಸಂಸಾರ. ಅರಭಾವಿಯ ದಾರಿಯಲ್ಲಿ ಹೊಲ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಹೇಳಿಕೊಳ್ಳುವಂಥ ಸಿರಿವಂತಿಕೆಯಲ್ಲದಿದ್ದರೂ ಆ ಮನೆಯ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಅದು ತಾಯವ್ವನ ಕೈಯಿಂದ ಬಂದ ಹೆಸರು. ಅವಳ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ದುಂಡಗಿದ್ದು, ಅಂಚಿನವರೆಗೂ ಒಂದೇ ತೆಳುವಾಗಿರುತ್ತಿತ್ತು. ಉಳಿದ ಹೆಂಗಸರು ಕಾದ ಹಂಚಿನ ಮೇಲೆ ರೊಟ್ಟಿ ತಿರುವುವಾಗ ಬೆರಳು ನೀರಲ್ಲಿ ಅದ್ದಿ, ಉಫ್ ಎಂದು ಊದಿಕೊಂಡು ಕೈ ಹಿಂದಕ್ಕೆ ಎಳೆಯುತ್ತಿದ್ದರೆ, ತಾಯವ್ವ ಮಾತಾಡುತ್ತಲೇ ಬರಿಗೈಯಲ್ಲಿ ಸಾವಕಾಶ ತಿರುವುತ್ತಿದ್ದಳು. ಎದುರುಮನೆಯ ಗೌರಕ್ಕ ಅದನ್ನು ನೋಡಲೆಂದೇ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಈ ಹುಡುಗಿಯ ಕೈಗೆ ಬೆಂಕಿಯೇ ಅಂಜುತ್ತದೆ ಎಂದು ಅವಳು ಅಂದರೆ ತಾಯವ್ವನ ಮುಖ ಅರಳುತ್ತಿತ್ತು. ಶಿವವ್ವನಿಗೂ ಒಳಗೊಳಗೆ ಹಿಗ್ಗು.

ಆ ವರ್ಷ ಪಂಚಮಿಯ ರೊಟ್ಟಿ ಶುರುವಾದ ಮೊದಲ ದಿನ ಶಿವವ್ವ ಒಲೆಯ ಬಾಜೂ ಕೂತು ಎಳ್ಳು ಆರಿಸುತ್ತಿದ್ದಳು. ತಾಯವ್ವ ತವರಿನ ಯಾವುದೋ ಮದುವೆಯ ಕಥೆ ಹೇಳುತ್ತಿದ್ದಳು. ನಡುವೆ ಒಂದು ವಾಸನೆ ಬಂತು. ಹಿಟ್ಟು ಸೀದ ವಾಸನೆಯಲ್ಲ ಅದು. ಶಿವವ್ವ ತಲೆಯೆತ್ತಿ ನೋಡಿದಳು. ತಾಯವ್ವನ ಎಡಗೈಯ ಎರಡು ಬೆರಳು ಹಂಚಿನ ಅಂಚಿಗೆ ಆನಿಕೊಂಡಿದ್ದವು. ಕಥೆ ನಡೆದೇ ಇತ್ತು. ವರನ ಕಡೆಯವರು ಊಟಕ್ಕೆ ಮುನಿಸಿಕೊಂಡರಂತೆ, ಅವರನ್ನು ರಮಿಸಲು ಊರ ಹಿರಿಯರೇ ಬರಬೇಕಾಯಿತಂತೆ.

ಶಿವವ್ವ ಕೈ ಚಾಚಿ ಸೊಸೆಯ ಕೈ ಎಳೆದಳು. ಬೆರಳ ತುದಿ ಬೆಳ್ಳಗೆ ಬೆಂದಿತ್ತು. ತಾಯವ್ವ ಅದನ್ನು ನೋಡಿ ನಕ್ಕಳು. ಗೊತ್ತೇ ಆಗಲಿಲ್ಲ ನೋಡಿ ಅಂದಳು.

ಗೊತ್ತೇ ಆಗಲಿಲ್ಲ ಎಂಬ ಈ ಮಾತನ್ನು ಶಿವವ್ವ ಹಿಂದೆಯೂ ಕೇಳಿದ್ದಳು. ಅವಳ ತವರು ಹುಕ್ಕೇರಿ. ಅಲ್ಲಿ ಅವಳ ದೊಡ್ಡವ್ವ ಕಾಲಿಗೆ ಮುಳ್ಳು ಹೊಕ್ಕಿದ್ದು ಗೊತ್ತಿಲ್ಲದೆ ಊರೆಲ್ಲ ಓಡಾಡಿ ಬಂದಿದ್ದಳು. ಮುಂದಿನ ವರ್ಷಗಳಲ್ಲಿ ಆ ಹೆಂಗಸಿನ ಬೆರಳು ಮೊಂಡಾದವು, ಮುಖ ಬದಲಾಯಿತು. ಕುಷ್ಠವೆಂಬ ಹೆಸರನ್ನು ಮನೆಯವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡ ರೋಗ ಅನ್ನುತ್ತಿದ್ದರು. ಊರ ಹೊರಗೆ ಗುಡಿಸಲು ಹಾಕಿಕೊಟ್ಟು ಅನ್ನವನ್ನು ಕಲ್ಲಿನ ಮೇಲಿಟ್ಟು ಬರುತ್ತಿದ್ದರು. ಶಿವವ್ವ ಚಿಕ್ಕವಳಿದ್ದಾಗ ಒಮ್ಮೆ ದೊಡ್ಡವ್ವ ಕರೆದಳೆಂದು ಓಡಿಹೋಗಿ ಅಪ್ಪನ ಕೈಯಲ್ಲಿ ಪೆಟ್ಟು ತಿಂದಿದ್ದಳು.

ಮರುದಿನ ನಸುಕಿಗೆ ಶಿವವ್ವ ತಾನೇ ಒಲೆಯ ಮುಂದೆ ಕೂತಳು. ಈ ಸಲದ ಪಂಚಮಿಯ ರೊಟ್ಟಿ ನಾನೇ ಮಾಡುತ್ತೇನೆ, ನೀನು ಎಮ್ಮೆ ನೋಡಿಕೋ ಅಂದಳು. ಕಾರಣ ಹೇಳಲಿಲ್ಲ. ಹೇಳಿದರೆ ಮಗನಿಗೆ ತಿಳಿಯುತ್ತದೆ, ಮಗನಿಗೆ ತಿಳಿದರೆ ಓಣಿಗೆ ತಿಳಿಯುತ್ತದೆ. ಹೇಳದೆ ಸುಮ್ಮನಿದ್ದರೆ ಆ ಕೈಯ ರೊಟ್ಟಿ ಓಣಿಯ ಮಕ್ಕಳೆಲ್ಲರ ಬಾಯಿಗೆ ಹೋಗುತ್ತದೆ. ಹಬ್ಬ ದಾಟಲಿ, ಆಮೇಲೆ ಏನಾದರೂ ದಾರಿ ತೋರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಪಾರವ್ವನನ್ನು ಮಾತ್ರ ಅಂದಿನಿಂದ ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು.

ಹೆಂಗಸಿನ ಕೈಯಿಂದ ಹಂಚು ಕಸಿದುಕೊಳ್ಳುವುದೆಂದರೆ ಸಣ್ಣ ಮಾತಲ್ಲ. ತಾಯವ್ವ ಒಂದೆರಡು ಸಲ ಕೇಳಿ ನೋಡಿದಳು, ಆಮೇಲೆ ಮಾತು ಬಿಟ್ಟಳು. ಶಿವವ್ವನ ರೊಟ್ಟಿಯಂತೂ ನೋಡುವಂತಿರಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಗೌರಕ್ಕ ಬಂದವಳು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು.

"ಅಕ್ಕಾ, ಇದು ರೊಟ್ಟಿನೋ, ಕುಲಗೋಡದ ದಾರಿ ನಕಾಶೆನೋ?"

ಶಿವವ್ವ ಮುಂದಿನ ರೊಟ್ಟಿ ಬಡಿಯತೊಡಗಿದಳು.

"ಸೊಸಿ ಹೆಸರು ಆತಂತ ನಿನಗ ಹೊಟ್ಟಿ ಉರೀತೇನು? ಖರೆ ಹೇಳು."

"ಹೂಂ, ಉರಿಯಾಕತ್ತೇತಿ," ಅಂದಳು ಶಿವವ್ವ.

ಗೌರಕ್ಕ ಅದನ್ನು ನಿಜವೆಂದೇ ತಿಳಿದು ಓಣಿಯಲ್ಲಿ ಹೇಳಿಕೊಂಡು ಬಂದಳು. ಸಂಜೆ ಬಾವಿಯ ಹತ್ತಿರ ಅದು ತಾಯವ್ವನ ಕಿವಿಗೂ ಬಿತ್ತು.

ರೊಟ್ಟಿ ಪಂಚಮಿಯ ದಿನ ಬೆಳಿಗ್ಗೆ ಶಿವವ್ವ ಮಠಕ್ಕೆ ಹೋಗಿ ಬರುವಷ್ಟರಲ್ಲಿ ತಾಯವ್ವ ಒಲೆ ಹೊತ್ತಿಸಿಬಿಟ್ಟಿದ್ದಳು. ಬುಟ್ಟಿಯ ತುಂಬ ಸಜ್ಜೆ ರೊಟ್ಟಿ, ಒಂದೊಂದೂ ಎಳ್ಳು ಹಚ್ಚಿದ ಚಂದ್ರ. ಅವಳು ತಲೆ ಬಾಚಿ ಇಳಕಲ್ಲ ಸೀರೆ ಉಟ್ಟು ಓಣಿಗೆ ಹೊರಡಲು ಸಿದ್ಧಳಾಗಿದ್ದಳು. ಶಿವವ್ವ ಬಾಗಿಲಿಗೆ ಅಡ್ಡ ನಿಂತಳು. ಬುಟ್ಟಿ ಇತ್ತ ಕೊಡು, ನಾನೇ ಕೊಟ್ಟು ಬರುತ್ತೇನೆ ಎಂದು ಇಸಿದುಕೊಂಡು ಹಿತ್ತಲಿಗೆ ಹೋದಳು. ಕೊಟ್ಟಿಗೆಯಲ್ಲಿ ರೊಟ್ಟಿಗಳನ್ನು ಮುರಿಮುರಿದು ಎಮ್ಮೆಯ ಮುಂದೆ ಹಾಕತೊಡಗಿದಳು. ಅಂಥ ರೊಟ್ಟಿ ಮುರಿಯುವಾಗ ಎಂಥ ಸದ್ದು ಬರುತ್ತದೆಂಬುದನ್ನು ಅವಳು ಯೋಚಿಸಿರಲಿಲ್ಲ. ತಿರುಗಿ ನೋಡಿದರೆ ತಾಯವ್ವ ಬಾಗಿಲಲ್ಲಿ ನಿಂತಿದ್ದಳು.

ತಾಯವ್ವ ಒಳಗೆ ಹೋದಳು. ಶಿವವ್ವ ಹಿಂದೆಯೇ ಹೋದಳು.

"ನಾ ಏನ ತಪ್ಪ ಮಾಡೇನ್ರಿ ಅತ್ತ್ಯಾರ? ಓಣ್ಯಾಗ ನಾಕ ಮಂದಿ ಛಲೋ ಅಂದದ್ದ ತಪ್ಪಾತೇನ್ರಿ?" ಅವಳ ದನಿ ಏರಲಿಲ್ಲ. "ನಿಮ್ಮ ಹಂಚು ನಿಮಗಽ ಇರ್ಲಿ, ತಗೋರಿ."

ಹೇಳುತ್ತಲೇ ಅವಳು ಬಾಗಿ, ಉರಿಯುವ ಒಲೆಯ ಮೇಲಿನ ಕಬ್ಬಿಣದ ಹಂಚನ್ನು ಎಡಗೈಯಲ್ಲಿ ಹಿಡಿದೆತ್ತಿ ಅತ್ತೆಯ ಕಾಲ ಮುಂದೆ ಇಟ್ಟಳು.

ಮೂಲೆಯಲ್ಲಿದ್ದ ಪಾರವ್ವ ಚಿಟ್ಟನೆ ಚೀರಿದಳು. "ಯವ್ವಾ, ಕೈ."

ತಾಯವ್ವ ತನ್ನ ಕೈ ನೋಡಿಕೊಂಡಳು. ಅಂಗೈಯ ಚರ್ಮ ಹಂಚಿಗೆ ಹತ್ತಿ ಬಂದಿತ್ತು. ಅವಳು ಅದನ್ನು ಬೇರೆ ಯಾರದೋ ಕೈ ಎಂಬಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. ಅಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಕಂಡಾಗಲೇ ಅವಳಿಗೆ ಎಲ್ಲ ತಿಳಿಯಿತು. ಮಗು ಹತ್ತಿರ ಓಡಿಬಂದಾಗ ತಾಯವ್ವನೇ ಹಿಂದೆ ಸರಿದು ಗೋಡೆಗೆ ಆನಿದಳು.

ಸತ್ಯಪ್ಪ ಹೆಂಡತಿಯನ್ನು ಗಾಡಿಯಲ್ಲಿ ಗೋಕಾಕ ರೋಡ್ ಸ್ಟೇಷನ್ನಿಗೆ ಕರೆದೊಯ್ದು, ಅಲ್ಲಿಂದ ರೈಲಿನಲ್ಲಿ ದೊಡ್ಡ ದವಾಖಾನೆಗೆ ಹೋಗಿಬಂದ. ಡಾಕ್ಟರರು ಯಾವುದೋ ಎಣ್ಣೆಯ ಸೂಜಿ ಚುಚ್ಚಿದರು. ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕು, ಆದರೂ ಖಾತ್ರಿ ಹೇಳಲಾಗದು ಅಂದರು. ತಾಯವ್ವ ಮನೆಯ ಹೊಸ್ತಿಲು ತುಳಿಯಲಿಲ್ಲ. ಹೊಲದ ಗುಡಿಸಲಲ್ಲಿ ಇರುತ್ತೇನೆಂದು ಅವಳೇ ಹೇಳಿದಳು. ಬೇಡವೆಂದು ಯಾರೂ ಅನ್ನಲಿಲ್ಲ. ಶಿವವ್ವನೂ ಅನ್ನಲಿಲ್ಲ.

ಮುಂದಿನ ವರ್ಷದ ರೊಟ್ಟಿ ಪಂಚಮಿಗೆ ಶಿವವ್ವ ಬುಟ್ಟಿ ಹಿಡಿದು ಹೊರಟಾಗ ಗೌರಕ್ಕ ತನ್ನ ಕಟ್ಟೆಯ ಮೇಲೆ ನಿಂತೇ ಮಾತಾಡಿಸಿದಳು. ವಯಸ್ಸಾದವಳು ನೀನು, ಮನೆಮನೆ ಯಾಕೆ ತಿರುಗುತ್ತೀ, ನಮ್ಮಲ್ಲಿ ಈ ಸಲ ರೊಟ್ಟಿ ಬಹಳ ಆಗಿವೆ ಅಂದಳು. ಮಾತಿನಲ್ಲಿ ಮೊದಲಿನ ಸಲಿಗೆಯಿರಲಿಲ್ಲ, ಬಹಳ ಮರ್ಯಾದೆ ಇತ್ತು. ಉಳಿದ ಮನೆಗಳಲ್ಲೂ ಹೀಗೇ ಆಯಿತು. ಕೊನೆಗೆ ಬುಟ್ಟಿ ಒಯ್ಯಲು ಶಿವವ್ವನಿಗೆ ಉಳಿದದ್ದು ಹೊಲದ ಗುಡಿಸಲೊಂದೇ.

ಅಲ್ಲಿಗೆ ಅವಳು ದಿನ ಬಿಟ್ಟು ದಿನ ಹೋಗುತ್ತಿದ್ದಳು. ಬದುವಿನ ಮೇಲೊಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ರೊಟ್ಟಿಯ ಬುಟ್ಟಿ ಇಟ್ಟು ದೂರ ಸರಿದು ಕೂರುತ್ತಿದ್ದಳು. ತಾಯವ್ವ ಬಂದು ಬುಟ್ಟಿ ಒಯ್ದು ಗುಡಿಸಲ ಮುಂದೆ ಕೂತು ತಿನ್ನುತ್ತಿದ್ದಳು. ಹೊಲ ನಿಶ್ಶಬ್ದವಾಗಿರುತ್ತಿದ್ದರಿಂದ ಕಡಕ್ ರೊಟ್ಟಿ ಮುರಿಯುವ ಸದ್ದು ಶಿವವ್ವ ಕೂತಲ್ಲಿಗೂ ಕೇಳುತ್ತಿತ್ತು. ಆ ಹೊತ್ತು ಅವರಿಬ್ಬರಿಗೂ ಸ್ವಲ್ಪ ಸುಖದ ಹೊತ್ತು. ಈ ಸಲ ಉಪ್ಪು ಮುಂದಾಗಿದೆ ಎಂದು ತಾಯವ್ವ ಅಲ್ಲಿಂದಲೇ ಹೇಳುತ್ತಿದ್ದಳು. ಪಾರವ್ವ ಏನು ಉಂಡಳು, ಹೇಗೆ ಮಲಗಿದಳು ಎಂದು ಕೇಳುತ್ತಿದ್ದಳು. ಸತ್ಯಪ್ಪನಿಗೆ ಮತ್ತೊಂದು ಹೆಣ್ಣು ನೋಡಬೇಕೆಂದು ಹಿರಿಯರು ಮಾತಾಡುತ್ತಿದ್ದುದನ್ನು ಶಿವವ್ವ ಹೇಳುತ್ತಿರಲಿಲ್ಲ.

ಉಂಡ ಮೇಲೆ ತಾಯವ್ವ ಬುಟ್ಟಿಯನ್ನು ಕಲ್ಲಿನ ಮೇಲೆ ತಂದಿಡುತ್ತಿದ್ದಳು. ಅದು ಎಂದೂ ಬರಿದಾಗಿರುತ್ತಿರಲಿಲ್ಲ. ಸುಗ್ಗಿಯಲ್ಲಿ ಎಳೆ ಜೋಳದ ತೆನೆ, ಮಳೆಗಾಲದಲ್ಲಿ ಹೀರೇಕಾಯಿ, ಏನೂ ಇಲ್ಲದಾಗ ಒಂದು ಹಿಡಿ ಪುಂಡಿಪಲ್ಯದ ಸೊಪ್ಪು. ಕೈಗೆ ಅರಿವೆ ಸುತ್ತಿಕೊಂಡು ಕಿತ್ತಿದ್ದೇನೆ, ಎಲೆಯಲ್ಲಿಟ್ಟೇ ಹಾಕಿದ್ದೇನೆ ಎಂದು ಅವಳು ದೂರದಿಂದ ಕೂಗಿ ಹೇಳುತ್ತಿದ್ದಳು.

"ಪಾರೀಗೆ ಹೀರೀಕಾಯಿ ಬಾಳ ಸೇರತೇತ್ರಿ ಅತ್ತ್ಯಾರ."

ಹೂಂ ಅನ್ನುತ್ತ ಶಿವವ್ವ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದಳು. ಹಳ್ಳದ ತಿರುವಿನಲ್ಲಿ ಜಾಲಿಗಿಡಗಳ ಮರೆಗೆ ಬಂದಾಗ ಅವಳ ಕಾಲು ನಿಲ್ಲುತ್ತಿತ್ತು. ದೊಡ್ಡವ್ವನ ಬೆರಳು ಕಣ್ಣ ಮುಂದೆ ಬರುತ್ತಿದ್ದವು, ಆಮೇಲೆ ಪಾರವ್ವನ ಎಳೆಯ ಬೆರಳು. ಅವಳು ಬುಟ್ಟಿಯನ್ನು ಹಳ್ಳಕ್ಕೆ ಸುರಿದು, ಮಣ್ಣು ಹಚ್ಚಿ ತಿಕ್ಕಿ ತೊಳೆದು ಮನೆಗೆ ಒಯ್ಯುತ್ತಿದ್ದಳು. ಮರುಸಲ ಹೋದಾಗ, ಪಾರವ್ವ ಹೀರೇಕಾಯಿ ಪಲ್ಯವನ್ನು ಚಪ್ಪರಿಸಿ ತಿಂದಳು ಎಂದು ಹೇಳುತ್ತಿದ್ದಳು. ತಾಯವ್ವ ನಗುತ್ತಿದ್ದಳು.

ಶ್ರಾವಣ ಮತ್ತೆ ಬಂತು. ಜಿಟಿಜಿಟಿ ಮಳೆ. ಕಂಬಳಿ ಹೊದ್ದು ಹೋಗಿದ್ದ ಶಿವವ್ವ ಮಳೆ ನಿಂತಿತೆಂದು ಅದನ್ನು ಬದುವಿನ ಮೇಲೆ ಬಿಚ್ಚಿಟ್ಟವಳು ಮರೆತು ಹೊರಟಳು. ಹಳ್ಳದ ತಿರುವಿನಲ್ಲಿ ಹೀರೇಕಾಯಿ ಸುರಿದಳು. ಕೆಂಪು ನೀರಿನಲ್ಲಿ ಅವು ಉರುಳುತ್ತ ತೇಲಿಹೋದವು. ಬುಟ್ಟಿ ತೊಳೆದು ಎದ್ದು ನಿಂತರೆ ಆಚೆಗೆ, ಜಾಲಿಗಿಡದ ಹತ್ತಿರ, ಕೋಲಿನ ತುದಿಗೆ ಕಂಬಳಿ ಸಿಕ್ಕಿಸಿಕೊಂಡು ತಾಯವ್ವ ನಿಂತಿದ್ದಳು.

ಶಿವವ್ವ ಬಾಯಿ ತೆರೆದಳು. ಪಾರಿಯ ಹೆಸರಷ್ಟೇ ಬಂತು. ತಾಯವ್ವ ಕಂಬಳಿಯನ್ನು ಕೊಂಬೆಗೆ ಹಾಕಿ, ಬಂದ ದಾರಿಯಲ್ಲಿ ಹೊರಳಿ ನಡೆದಳು. ಆ ಕಂಬಳಿಯನ್ನು ಮುಟ್ಟಲು ಶಿವವ್ವ ಎಷ್ಟೋ ಹೊತ್ತು ಹಿಂದೆಮುಂದೆ ನೋಡಿ, ಕೊನೆಗೆ ಅಲ್ಲೇ ಬಿಟ್ಟು ಬಂದಳು.

ರೊಟ್ಟಿ ಪಂಚಮಿಯ ದಿನ ಅವಳು ತನ್ನಿಂದಾದಷ್ಟು ತೆಳ್ಳಗೆ ಸಜ್ಜೆ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಬುಟ್ಟಿ ತುಂಬಿ ಒಯ್ದಳು. ತಾಯವ್ವ ಬಂದು ಬುಟ್ಟಿ ತೆಗೆದುಕೊಂಡು ಗುಡಿಸಲ ಒಳಗೆ ಹೋದಳು. ರೊಟ್ಟಿ ಮುರಿಯುವ ಸದ್ದಿಗಾಗಿ ಶಿವವ್ವ ಕಿವಿಗೊಟ್ಟು ಕೂತಳು. ಗಾಳಿ ಬೀಸುತ್ತಿದ್ದರಿಂದಲೋ ಏನೋ, ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾಯವ್ವ ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ಹಿಂತಿರುಗಿದಳು. ಪಾರವ್ವನ ಬಗ್ಗೆ ಕೇಳಲಿಲ್ಲ.

ಶಿವವ್ವ ಹೋಗಿ ನೋಡಿದಳು. ಬುಟ್ಟಿಯಲ್ಲಿ ಏನೂ ಇರಲಿಲ್ಲ. ಕಲ್ಲಿನ ಹಿಂದೆ, ಹುಲ್ಲಿನಲ್ಲಿ, ಜಾರಿ ಬಿದ್ದಿರಬಹುದೆಂದು ಹುಡುಕಿದಳು. ಗುಡಿಸಲ ಚಪ್ಪರದ ಮೇಲೆ ಹೀರೇಬಳ್ಳಿ ಕಾಯಿ ತುಂಬಿಕೊಂಡು ಜೋತುಬಿದ್ದಿತ್ತು.

ಬುಟ್ಟಿ ಹಿಡಿದು ಅವಳು ನಡೆದಳು. ಹಳ್ಳದ ತಿರುವಿಗೆ ಬಂದಾಗ ರೂಢಿಯಂತೆ ಕಾಲು ನಿಂತವು. ಸುರಿಯಲು ಏನೂ ಇರಲಿಲ್ಲ.