ಕಂದೀಲಿನ ಬಣ್ಣ

ಕರಿ ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟ ಸುಂದರಬಾಯಿ, ಗೋಡೆಯ ಮೊಳೆಗೆ ತೂಗುಹಾಕಿದ್ದ, ತಾನೇ ಹೊಲಿದ ಅಂಗೈಯಗಲದ ಬಟವಾ ಚೀಲ ನೋಡಿ ಅಲ್ಲೇ ನಿಂತುಬಿಟ್ಟಳು. ಅದಕ್ಕೆ ಕಪ್ಪು ಬಟ್ಟೆಯ ಅಂಚು ಕಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಈಗ ನೋಡಿದರೆ ಅಂಚು ನೇರಳೆ ಹಣ್ಣಿನ ಬಣ್ಣ.

ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಡಾಕ್ಟರು ವಾರದ ಮಟ್ಟಿಗೆ ಹಾಕಿಕೊಳ್ಳಿ ಎಂದಿದ್ದ ಕರಿ ಕನ್ನಡಕವನ್ನು, ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ಈ ನಿವೃತ್ತ ಶಿಕ್ಷಕಿ ತಿಂಗಳು ಪೂರ್ತಿ ಹಾಕಿಕೊಂಡೇ ಇದ್ದಳು, ಊಟದಲ್ಲೂ, ನಿದ್ದೆಯಲ್ಲೂ. ಎಡಗಣ್ಣಿನ ಸರದಿ ಬರುವ ಸೋಮವಾರ. ಅವಳು ಬಲಗಣ್ಣು ಮುಚ್ಚಿದಳು. ಅಂಚು ಕಪ್ಪಾಯಿತು, ಗೋಡೆ ಜೇನಿನ ಬಣ್ಣಕ್ಕೆ ತಿರುಗಿತು. ಎಡಗಣ್ಣು ಮುಚ್ಚಿದಳು. ಅಂಚು ನೇರಳೆ, ಗೋಡೆ ಹಾಲಿನಂತೆ ಬೆಳ್ಳಗೆ.

ಟ್ರಂಕು ತೆಗೆದು ಚಿಂದಿಗಳನ್ನೆಲ್ಲ ಹಾಸಿಗೆಯ ಮೇಲೆ ಸುರುವಿದಳು. ಓಣಿಯ ಟೇಲರ್ ಜುಲ್ಫೀಕಾರ ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಅವಳಿಗೇ ಎತ್ತಿಡುತ್ತಿದ್ದ. ಅವುಗಳನ್ನು ಜೋಡಿಸಿ ಬಟವಾ, ಮೊಬೈಲಿನ ಚೀಲ, ಕನ್ನಡಕದ ಚೀಲ ಹೊಲಿಯುವುದು ಅವಳ ಹುಚ್ಚು. ಒಂದನ್ನೂ ಮಾರಿದವಳಲ್ಲ. ಹಾಲು ಹಾಕಲು ಬಂದವರೂ ಆ ಮನೆಯಿಂದ ಬರಿಗೈಲಿ ಹೋಗುತ್ತಿರಲಿಲ್ಲ. ಈಗ ಹಾಸಿಗೆಯ ಮೇಲೆ, ಬೂದಿ ಎಂದುಕೊಂಡಿದ್ದ ಚಿಂದಿ ನವಿಲುನೀಲಿ, ಕೆನೆ ಎಂದುಕೊಂಡಿದ್ದು ಕಣ್ಣು ಕುಕ್ಕುವ ಬಿಳಿ. ಎರಡು ವರ್ಷದಿಂದ ತಾನು ಅರ್ಧ ಬೀದರಿನ ಕೈಗೆ ಇಂಥವನ್ನು ಕೊಟ್ಟು, ಬಣ್ಣದ ಹದದ ಬಗ್ಗೆ ಭಾಷಣ ಬೇರೆ ಮಾಡಿದ್ದು ನೆನಪಾಗಿ ಅವಳ ಕಿವಿ ಬಿಸಿಯಾದವು.

"ಮೇಘಾ, ನೀನಾದರೂ ಹೇಳಬೇಕಿತ್ತಿಲ್ಲ?"

ಸೊಸೆ ಮೇಘಾ ಬಾಗಿಲಲ್ಲೇ ನಿಂತು ತಲೆ ತಗ್ಗಿಸಿದಳು. "ಮೊದಲ ಮೊದಲ ನಿಮಗ ಅವೇ ಬಣ್ಣ ಬೇಕಾಗ್ಯಾವ ಅಂತ ತಿಳಕೊಂಡಿದ್ದೆರಿ. ಆಮ್ಯಾಲ ಹ್ಯಾಂಗ ಹೇಳೋದರಿ, ಅತ್ತಿ?"

ಉಳಿದವರದು ಹೋಗಲಿ ಎನ್ನಬಹುದಿತ್ತು. ಆದರೆ ಉಮ್ರಾಕ್ಕೆ ಹೊರಟ ಭಾಲ್ಕಿಯ ಗೆಳತಿ ಹಮೀದುನ್ನಿಸಾಗೆಂದು ಹೊಲಿದ ಚೀಲ? ಯಾತ್ರೆಗೆ ಗಂಭೀರವಾಗಿರಲೆಂದು ಕಪ್ಪು, ಬೂದಿ, ಕೆನೆ ಮೂರನ್ನೇ ಆರಿಸಿ, ಒಂದು ತಿಂಗಳು ಕೂತು ಹೊಲಿದಿದ್ದಳು. ಆಕೆ ಅದನ್ನು ಹೆಗಲಿಗೆ ಹಾಕಿಕೊಂಡು ಮಕ್ಕಾಕ್ಕೆ ಹೋಗಿಬಂದಿದ್ದಳು. ಅಷ್ಟು ದೊಡ್ಡ ಜಾಗದಲ್ಲಿ, ಅಷ್ಟು ಜನರ ನಡುವೆ, ವೇಷ ಹಾಕಿ ಬೇಡುವ ಬಹುರೂಪಿಯ ಜೋಳಿಗೆಯಂಥ ಚೀಲ. ಸುಂದರಬಾಯಿಗೆ ನಾಚಿಕೆಯಿಂದ ಕೂರಲಾಗಲಿಲ್ಲ.

"ಈ ಟ್ರಂಕು ಜುಲ್ಫೀಕಾರಗ ವಾಪಸ ಕೊಟ್ಟುಬಿಡು. ನನ್ನ ಹೊಲಗಿ ಮುಗೀತು. ಭಾಲ್ಕಿಗೆ ಹೋಗಿ ಆ ಚೀಲನೂ ತಂದುಬಿಡ್ತೇನಿ."

ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ದಾರಿಯುದ್ದಕ್ಕೂ ಒಂದೊಂದೇ ಕಣ್ಣು ಮುಚ್ಚಿ ತೆರೆದಳು. ಬಲಗಣ್ಣಿಗೆ ಕಬ್ಬು ಹಸಿರಾಗಿ, ಆಕಾಶ ತೊಳೆದಿಟ್ಟಂತೆ ಕಾಣುತ್ತಿತ್ತು. ಎಡಗಣ್ಣಿಗೆ ಅದೇ ಹೊಲದ ಮೇಲೆ ಸಂಜೆ ಇಳಿದಿತ್ತು, ಬೆಳಗಿನ ಹನ್ನೊಂದಕ್ಕೇ. ಸಂಜೆಯ ಹೊಲ ಹತ್ತಿರದ್ದು ಅನ್ನಿಸಿತು, ಎಂದೋ ಕಂಡಂತೆ. ಎಲ್ಲಿ ಎಂದು ನೆನಪಾಗುವ ಮೊದಲೇ ಭಾಲ್ಕಿ ಬಂತು.

ಚೀಲ ಹಮೀದುನ್ನಿಸಾಳ ಮಂಚದ ತಲೆಗಡೆ, ಬಾಗಿಲು ದಾಟುತ್ತಲೇ ಕಾಣುವಂತೆ ತೂಗುತ್ತಿತ್ತು. ನೇರಳೆ, ನವಿಲುನೀಲಿ, ಬಿಳಿ. ಸುಂದರಬಾಯಿ ಭಯಪಟ್ಟಿದ್ದಕ್ಕಿಂತ ಹೆಚ್ಚೇ ಮಿಂಚುತ್ತಿತ್ತು.

"ಇದು ನನಗ ಕೊಡು, ಹಮೀದಾ. ನನಗ ಕಣ್ಣು ಕಾಣ್ತಿದ್ದಿಲ್ಲ."

"ಗೊತ್ತದ," ಎಂದಳು ಹಮೀದುನ್ನಿಸಾ, ಚಹಾದ ಬಸಿ ಮುಂದೆ ಸರಿಸುತ್ತ. "ಕಣ್ಣಿನ ಡಾಕ್ಟರ್ ಬಲ್ಲಿ ಕರ್ಕೊಂಡು ಹೋಗು ಅಂತ ಮೇಘಾಗ ಫೋನ ಮಾಡಿದಾಕಿ ಯಾರು ಅಂತ ಮಾಡಿ? ಚೀಲ ನೋಡಿ ಮೊದಲ ನಗು ಬಂತು. ಆಮ್ಯಾಲ ಅಂಜಿಕಿ ಬಂತು."

"ನಗು ಬಂದದ್ದು ಅಲ್ಲಿತನ ಯಾಕ ಒಯ್ದಿ? ಜನ ಏನಂದ್ರೋ."

"ಯಾರೂ ಏನೂ ಅನ್ನಲಿಲ್ಲ. ಅಲ್ಲಿ ಯಾರಿಗೆ ಪುರಸೊತ್ತದ?" ಹಮೀದುನ್ನಿಸಾ ಚೀಲ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಕೊಡುವ ಲಕ್ಷಣ ಕಾಣಲಿಲ್ಲ. "ಔರಾದದ ಖೋಲಿ ನೆನಪದ ಏನು ನಿನಗ?"

ಇಲ್ಲದೆ ಏನು. ಹೊಸದಾಗಿ ನೌಕರಿ ಸೇರಿದ ಇಬ್ಬರೂ ಔರಾದದಲ್ಲಿ ಒಂದೇ ಕೋಣೆಯಲ್ಲಿ ಆರು ವರ್ಷ ಇದ್ದವರು. ಮುಸ್ಸಂಜೆಗೆ ಸರಿಯಾಗಿ ಲೈಟು ಹೋಗುತ್ತಿತ್ತು. ಹಮೀದುನ್ನಿಸಾ ಕಂದೀಲು ಹಚ್ಚಿ, ಚಿಂದಿ ಹರವಿ, ಗೆಳತಿಗೆ ಚೀಲ ಹೊಲಿಯಲು ಕಲಿಸಿದ್ದೇ ಅಲ್ಲಿ.

"ಕಂದೀಲಿನ ಬೆಳಕಿನಾಗ ನೇರಳಿ ಕರಿ ಕಾಣ್ತಿತ್ತು, ನೀಲಿ ಬೂದಿ ಕಾಣ್ತಿತ್ತು," ಎಂದಳು ಹಮೀದುನ್ನಿಸಾ. "ಮುಂಜಾನಿ ಎದ್ದು ಅಂಗಳಕ್ಕ ತಂದು ನೋಡಿ ಎಷ್ಟು ನಗ್ತಿದ್ವಿ. ಇದು ಕೈಗೆ ಬಂದಾಗ ನಲವತ್ತು ವರ್ಷದ ಹಿಂದಿನ ಚೀಲನೇ ಬಂತಲ್ಲ ಅನ್ನಿಸ್ತು. ನಾ ಕೊಡಂಗಿಲ್ಲ, ಸುಂದ್ರಾ."

ಸುಂದರಬಾಯಿ ಬಲಗಣ್ಣಿನ ಮೇಲೆ ಮೆಲ್ಲಗೆ ಅಂಗೈ ಇಟ್ಟುಕೊಂಡಳು. ಚೀಲ ಕಪ್ಪು ಬೂದಿಯಾಗಿ ತಣ್ಣಗಾಯಿತು. ಎದುರಿಗಿದ್ದ ಹಮೀದುನ್ನಿಸಾಳ ನರೆತ ತಲೆ ಹೊಂಬಣ್ಣಕ್ಕೆ ತಿರುಗಿತು, ಕೆನ್ನೆಯ ಸುಕ್ಕು ಮಸುಕಾದವು. ಬಸ್ಸಿನಲ್ಲಿ ಹೊಲದ ಮೇಲೆ ಕಂಡದ್ದು ಔರಾದದ ಸಂಜೆ ಎಂದು ಆಗ ಹೊಳೆಯಿತು.

"ಎಡಗಣ್ಣು ಯಾವಾಗ?" ಎಂದಳು ಹಮೀದುನ್ನಿಸಾ.

"ಸೋಮವಾರ."

"ಹಂಗಾದ್ರ ಮೂರು ದಿನ ಅವ. ಹೊಲಗಿ ಬಿಡ್ತೇನಂದ್ರ ಆಮ್ಯಾಲ ಬಿಡು. ಅಷ್ಟರಾಗ ಆ ಕಣ್ಣಿನಲೆ ಇನ್ನೊಂದು ಹೊಲದು ಕೊಡು."

ಬೀದರಿಗೆ ಮರಳಿದಾಗ ಟ್ರಂಕು ಹೊಸ್ತಿಲಲ್ಲಿತ್ತು. ಜುಲ್ಫೀಕಾರನ ಅಂಗಡಿ ಶುಕ್ರವಾರ ಮುಚ್ಚಿತ್ತೆಂದು ಮೇಘಾ ಹೇಳಿದಳು. ಅವಳು ಬಾಗಿಲು ದಾಟಿ ಓಣಿಯ ಕಡೆ ಹೋಗಿರಲೇ ಇಲ್ಲ ಎಂಬುದು ಧೂಳು ತಾಗದ ಅವಳ ಚಪ್ಪಲಿ ನೋಡಿದರೆ ತಿಳಿಯುತ್ತಿತ್ತು. ಸುಂದರಬಾಯಿ ಏನೂ ಕೇಳದೆ ಟ್ರಂಕನ್ನು ಒಳಗೆ ಎಳೆದುಕೊಂಡಳು.

ಮರುದಿನ ಊಟವಾದ ಮೇಲೆ ತನ್ನ ಹಳೆಯ ಓದುವ ಕನ್ನಡಕದ ಬಲಗಾಜಿಗೆ ಒಂದು ಚಿಂದಿ ಸುತ್ತಿ ದಾರದಿಂದ ಬಿಗಿದಳು. ಹಾಕಿಕೊಂಡು ಪಡಸಾಲೆಯಲ್ಲಿ ಕೂತಳು. ನಿಧಾನವಾಗಿ, ಚಿಂದಿಗಳನ್ನು ಒಂದರ ಪಕ್ಕ ಒಂದು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದಳು. ಕೊನೆಗೆ ಒಂದು ಕರಿ ತುಂಡು ಕೈಗೆತ್ತಿಕೊಂಡಳು.

ನೀರಿನ ತಂಬಿಗೆ ಇಡಲು ಬಂದ ಮೇಘಾ ಬಾಯಿ ತೆರೆದಳು. "ಅತ್ತಿ, ಅದು ಕರಿ ಅಲ್ಲರಿ..."

"ಹೇಳಬ್ಯಾಡ," ಎಂದಳು ಸುಂದರಬಾಯಿ.

ಮೇಘಾ ತಂಬಿಗೆ ಇಟ್ಟು ಅಲ್ಲೇ ಕೂತಳು. ಹೊರಗೆ ಶನಿವಾರದ ಬಿಸಿಲು ಅಂಗಳದ ಕೆಂಪು ಕಲ್ಲನ್ನು ಸುಡುತ್ತಿತ್ತು. ಸುಂದರಬಾಯಿ ಚಿಂದಿಯನ್ನು ಮುಖದ ಹತ್ತಿರ ತಂದು, ದೀಪ ಈಗಷ್ಟೇ ಹಚ್ಚಿದ ಹಾಗೆ ಕೊಂಚ ಮುಂದಕ್ಕೆ ಬಾಗಿ, ಮೊದಲ ಹೊಲಿಗೆ ಹಾಕಿದಳು.