ಹಳದಿ ಪರದೆ ಕಾಣದ ದಿನ

ಬಟ್ಟೆಯನ್ನು ಕಣ್ಣಳತೆಯಲ್ಲೇ ಕತ್ತರಿಸುವ ಸೂಜಿಯಮ್ಮನಿಗೆ ಪರದೇಶದ ಆ ಊರು ಮಾತ್ರ ಅಳತೆಗೆ ಸಿಗಲಿಲ್ಲ. ಮಗಳ ಹೆರಿಗೆಗೆಂದು ಬಂದಿದ್ದಳು. ಮಗಳಿನ್ನೂ ಆಸ್ಪತ್ರೆಯಲ್ಲಿ, ಅಳಿಯನಿಗೆ ಕಾರ್ಖಾನೆಯಲ್ಲಿ ಹಗಲು ಪಾಳಿ. ಮಧ್ಯಾಹ್ನದ ಊಟವನ್ನು ಸೂಜಿಯಮ್ಮನೇ ಒಯ್ಯಬೇಕು. ನಿನ್ನೆ ಪಾಳಿಗೆ ಹೊರಟಿದ್ದ ಅಳಿಯನ ಜೊತೆ ಆಸ್ಪತ್ರೆಗೆ ಹೋದವಳು, ಒಬ್ಬಳೇ ಮರಳುವಾಗ ದಾರಿ ತಪ್ಪಿ, ಬೀದಿಬೀದಿ ಅಲೆದು, ಪೊಲೀಸರ ಗಾಡಿಯಲ್ಲಿ ಮನೆ ಸೇರಿದ್ದಳು. ಇವತ್ತು ಡಬ್ಬಿ ತುಂಬಿಸಿಟ್ಟು, ಚಿಲಕ ಹಾಕಿಕೊಂಡು ಕುಳಿತುಬಿಟ್ಟಿದ್ದಳು.

ಅಮ್ಮ ಫೋನ್ ಎತ್ತುತ್ತಿಲ್ಲವೆಂದು ಗಾಬರಿಯಾದ ಮಗಳು ಮೇಲಿನ ಮನೆಯ ಬ್ಯೂಟಿ ಪಾರ್ಲರಿನವಳಿಗೆ ಹೇಳಿದಳು. ಆಕೆ ಆ ಊರಲ್ಲಿ ವರ್ಷಗಳಿಂದ ಇರುವವಳು, ಮಾತು ಮಾತ್ರ ನಮ್ಮದೇ. ಬಂದು ಬಾಗಿಲು ತಟ್ಟಿ ತೆಗೆಸಿದಳು.

“ದೊಡ್ಡಮ್ಮ, ಅಲ್ಲಿ ನಿಮ್ಮ ಮಗಳು ದಾರಿ ನೋಡ್ತಿದಾಳೆ.”

“ನಾನಂತೂ ಹೊಸ್ತಿಲು ದಾಟಲ್ಲ ಕಣೇ.”

“ನಿನ್ನೆ ಹೇಗೆ ತಪ್ಪಿತು?”

“ನಮ್ಮ ಬಸ್ ಸ್ಟಾಪಿನ ಎದುರು ಕಿಟಕಿಗೆ ಹಳದಿ ಪರದೆ ಇತ್ತಲ್ಲ, ಅಂಚಿಗೆ ಕೈಹೊಲಿಗೆ. ಅದನ್ನೇ ಗುರುತಿಟ್ಕೊಂಡಿದ್ದೆ. ಆ ಮಹಾತಾಯಿ ನಿನ್ನೇನೇ ಅದನ್ನ ಒಗೆಯೋಕೆ ತೆಗೀಬೇಕಾ?”

ಪಾರ್ಲರಿನವಳು ನಕ್ಕಳು. “ನಾನು ಹೊಸದ್ರಲ್ಲಿ ಒಂದು ನಾಯಿನ ಗುರುತಿಟ್ಟಿದ್ದೆ. ಅದು ಬೀದಿನೇ ಬದಲಾಯಿಸ್ತು!”

ಸೂಜಿಯಮ್ಮನ ಮುಖ ಕೊಂಚ ಸಡಿಲಾಯಿತು. ಪಾರ್ಲರಿನವಳು ಒಂದು ಚೀಟಿ ಬರೆದುಕೊಟ್ಟಳು.

“ಚೀಟಿಯ ಒಂದು ಮಗ್ಗುಲಲ್ಲಿ ಆಸ್ಪತ್ರೆ ವಿಳಾಸ, ಇನ್ನೊಂದರಲ್ಲಿ ಮನೇದು. ಸ್ಟಾಪಿನ ಹೆಸರು, ಫೋನ್ ನಂಬರು ಎಲ್ಲಾ ಈ ಊರಿನ ಲಿಪಿಯಲ್ಲೇ ಇದೆ. ಹತ್ತುವಾಗಲೇ ಡ್ರೈವರಿಗೆ ತೋರಿಸಿ, ಅವನ ಹತ್ತಿರಾನೇ ಕೂತ್ಕೊಳ್ಳಿ. ವಾಪಸ್ ಬರೋವಾಗ ಇಳಿದ ಕಡೆ ನಿಲ್ಲಬೇಡಿ, ರಸ್ತೆ ದಾಟಿ ಎದುರಿನ ಸ್ಟಾಪಿಗೆ ಹೋಗಿ.”

“ಆಮೇಲೂ ತಪ್ಪಿದ್ರೆ?”

“ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ. ಮೀಟರ್ ಹಾಕಿಸಿ, ಗಾಡಿ ನಂಬರಿನ ಫೋಟೋ ನನಗೆ ಕಳಿಸಿ. ತಾವಾಗೇ ಬಂದು ಚೀಲ ಎಳ್ಕೊಳ್ಳೋರ ಗಾಡಿ ಮಾತ್ರ ಬೇಡ.”

“ಭಾಷೆ ಬರಲ್ವಲ್ಲೇ. ಜನ ನಗಲ್ವಾ?”

“ನಗ್ಲಿ ಬಿಡಿ. ನಗ್ತಾನೇ ದಾರಿ ತೋರಿಸ್ತಾರೆ.”

ಸೂಜಿಯಮ್ಮ ಡಬ್ಬಿ ಎತ್ತಿಕೊಂಡು ಹೋಗಿ ಬಸ್ಸು ಹತ್ತಿದಳು. ಡ್ರೈವರು ಚೀಟಿ ನೋಡಿ ತಲೆಯಾಡಿಸಿದ. ಸೂಜಿಯಮ್ಮ ಡಬ್ಬಿಯನ್ನು ಮಡಿಲಿಗೆ ಒತ್ತಿ ಹಿಡಿದು ಕುಳಿತಳು. ಬಟ್ಟೆಯ ಒಂದೇ ಥಾನಿನಿಂದ ಕತ್ತರಿಸಿದಂಥ ಕಟ್ಟಡಗಳು ಹಾದುಹೋದವು. ಒಂದೊಂದು ನಿಲ್ದಾಣ ಬಂದಾಗಲೂ ಚೀಟಿಯನ್ನು ಮತ್ತೆ ಡ್ರೈವರಿನತ್ತ ಹಿಡಿಯುತ್ತಿದ್ದಳು. ಕೊನೆಗೆ ಡ್ರೈವರು ಹಿಂದೆ ತಿರುಗಿ, ಆಸ್ಪತ್ರೆಯ ಕಡೆ ಬೆರಳು ತೋರಿಸಿದ.

“ಯಾರಮ್ಮ ಕರ್ಕೊಂಡ್ ಬಂದಿದ್ದು?” ಮಗಳು ಎದ್ದು ಕೂತಳು.

“ಯಾರೂ ಇಲ್ಲ, ನಾನೇ ಬಂದೆ. ನಾಳೆನೂ ಬರ್ತೀನಿ. ಮೊದಲು ಊಟ ಮಾಡು, ಆರಿಹೋಗುತ್ತೆ.”

ಪರವೂರಿಗೆ ಹೊರಟಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಇಳಿದುಕೊಳ್ಳುವ ಮನೆಯ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ದಾರಿ ತಿಳಿಯದಿದ್ದರೆ ಕೇಳಿ. ತಿಳಿದಿದೆ ಅನ್ನಿಸಿದರೂ ಒಮ್ಮೆ ಕೇಳಿ. ನಾಚಿಕೊಂಡು ನೀವು ಒಳಗೇ ಕೂತರೆ, ನಿಮಗಾಗಿ ಕಾಯುವವರು ಹಸಿದೇ ಇರುತ್ತಾರೆ.