ಮೊದಲು ಹಾಡುವವನು

ಶವಪೆಟ್ಟಿಗೆಯಲ್ಲಿ ಮಲಗಿದ್ದ ನರಹರಿಯ ಹೆಗಲಿನಿಂದ ಜರಿ ಶಲ್ಯ ಮತ್ತೆ ಜಾರಿತ್ತು. ಹೆಂಡತಿ ಅನಸೂಯ ಅದನ್ನು ಎಳೆದು ಸರಿಮಾಡುತ್ತಿದ್ದಾಗ ಮಗಳು ಇಂಚರಾ ಬಂದು ಕಿವಿಯ ಹತ್ತಿರ ಬಾಗಿದಳು.

“ಅಮ್ಮ, ಅಪ್ಪನ ಆಫೀಸಿನವರು ಬಂದಿದ್ದಾರೆ. ಜಪಾನೀಸ್ ಟೀಮ್ ಪೂರ್ತಿ. ಒಂದು ಹಾಡು ಹಾಡ್ಬೋದಾ ಅಂತ ಕೇಳ್ತಿದ್ದಾರೆ.”

“ಯಾವ ಹಾಡು?”

“ಅದೇ. ಕಸ.”

ಅನಸೂಯಳ ಕೈ ಶಲ್ಯದ ಮೇಲೆಯೇ ನಿಂತಿತು.

ಹೂಫ್‌ಡಾರ್ಪ್ ಎಂಬ ಡಚ್ ಊರಿನ ಹೊರಗಿನ ಚಿತಾಗಾರದಲ್ಲಿ ಅವರಿಗೆ ಸಿಕ್ಕಿದ್ದು ನಡುಮಧ್ಯಾಹ್ನದ ಸರದಿ. ನೆಲಕ್ಕೆ ಬೂದುಬಣ್ಣದ ಕಾರ್ಪೆಟ್ಟು, ಸಾಲು ಕುರ್ಚಿ, ಗೋಡೆಯಲ್ಲಿ ಸ್ಪೀಕರ್. ಶನಿವಾರದ ಭಜನೆ ನಡೆಸುತ್ತಿದ್ದ ಶ್ರೀಪಾದನ ತಂಡದವರು ಮುಂದಿನ ಸಾಲಿನಲ್ಲಿ ಕುಳಿತು ಸಹಸ್ರನಾಮವನ್ನು ಆಗಷ್ಟೇ ಮುಗಿಸಿದ್ದರು. ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಶ್ರೀಪಾದನಿಗೆ ಮಾತು ಕೇಳಿಸಿತು.

“ಅತ್ತಿಗೆ, ಅದು ಕರಾಓಕೆ ಹಾಡಲ್ವಾ? ಕುಡಿಯೋ ಜಾಗದ್ದು. ಭಗವಂತನ ನಾಮ ಆದ್ಮೇಲೆ ಅದು ಬೇಕಾ? ನಾಲ್ಕು ಜನ ಏನಂತಾರೆ?”

“ಬೇಡ ಅಂತ ಹೇಳ್ತೀನಿ,” ಎಂದಳು ಅನಸೂಯ. “ನಾನೇ ಹೇಳಿ ಬರ್ತೀನಿ.”

*

ದೇವರು ಕೆಲವರಿಗೆ ಕಂಠ ಕೊಡುತ್ತಾನೆ. ಕೆಲವರಿಗೆ ಹಾಡುವ ಆಸೆಯನ್ನಷ್ಟೇ ಕೊಟ್ಟು ಸುಮ್ಮನಾಗುತ್ತಾನೆ. ನರಹರಿ ಎರಡನೆಯ ಪಂಕ್ತಿಯಲ್ಲಿ ಕುಳಿತವನು. ಮೈಸೂರಿನಿಂದ ಬಂದು ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದ ಜಪಾನೀ ಸರಕು ಕಂಪನಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಭಜನೆಯಲ್ಲಿ ಅವನು ಬಾಯಿ ತೆರೆದರೆ ಶ್ರುತಿಪೆಟ್ಟಿಗೆ ಒಂದು ಕಡೆ, ಅವನು ಒಂದು ಕಡೆ. ಮಕ್ಕಳು ಕಿಸಕ್ಕೆನ್ನುತ್ತಿದ್ದರು. ಕೊನೆಗೆ ಶ್ರೀಪಾದ ಅವನ ಕೈಗೆ ತಾಳ ಕೊಟ್ಟ, ಪದ ಕೊಡಲಿಲ್ಲ. ನರಹರಿ ತಾಳವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

ಆದರೆ ಮನೆಯಲ್ಲಿ ಒಂದು ಜಪಾನೀ ಹಾಡು ಹಾಡುತ್ತಿದ್ದ. ಆಫೀಸಿನಲ್ಲಿ ಯಾರೋ ಕಲಿಸಿದ್ದು. ನಾಲ್ಕೇ ಸ್ವರ, ನಿಧಾನ, ತಗ್ಗಿನಲ್ಲೇ ಆರಂಭವಾಗಿ ತಗ್ಗಿನಲ್ಲೇ ಮುಗಿಯುತ್ತಿತ್ತು. ಅದರಲ್ಲೂ ಅವನು ಎರಡು ಸ್ವರ ತಪ್ಪುತ್ತಿದ್ದ.

“ಕಸ ವಾ ಕಿಮಿ ನಿ...”

“ದೇವರ ಮನೆ ಬಾಗಿಲಲ್ಲಿ ನಿಂತು ಕಸ ಕಸ ಅಂತೀರಲ್ಲ,” ಎಂದು ಅನಸೂಯ ಅಡುಗೆಮನೆಯಿಂದ ಕೂಗುತ್ತಿದ್ದಳು. “ಅಷ್ಟು ಪ್ರೀತಿ ಇದ್ರೆ ಇದನ್ನೂ ತಗೊಂಡು ಹೋಗಿ.”

ಅವನು ನಗುತ್ತ ಕಸದ ಚೀಲದ ಬಾಯಿ ಕಟ್ಟಿ, ಆ ಗಂಟನ್ನು ಮೈಕಿನಂತೆ ಎದೆಯ ಹತ್ತಿರ ಹಿಡಿದು, ಹಾಡುತ್ತಲೇ ಮೆಟ್ಟಿಲಿಳಿದು ಬೀದಿಯ ತೊಟ್ಟಿಯವರೆಗೆ ಹೋಗುತ್ತಿದ್ದ. ಆ ಪದಕ್ಕೆ ಅವರ ಭಾಷೆಯಲ್ಲಿ ಅರ್ಥವೇನೆಂದು ಅವಳು ಕೇಳಲಿಲ್ಲ. ತಮಾಷೆ ಚೆನ್ನಾಗಿದ್ದುದರಿಂದ ಅವನೂ ಹೇಳಲಿಲ್ಲ.

*

ಬಾಗಿಲ ಬಳಿ ಕಪ್ಪು ಸೂಟಿನ ಆರೇಳು ಮಂದಿ ಗೋಡೆಗೆ ಒತ್ತಿ ನಿಂತಿದ್ದರು. ಹೊರಗೆ ಮಳೆ. ಮೂಲೆಯ ಸ್ಟ್ಯಾಂಡಿನಲ್ಲಿ ಒದ್ದೆ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರಲ್ಲಿ ಹಿರಿಯರಾದ ಕುರೋಡಾ ಮುಂದೆ ಬಂದು ಸೊಂಟ ಬಾಗಿಸಿ ನಮಸ್ಕರಿಸಿದರು. ಅನಸೂಯ ಬೇಡವೆನ್ನುವ ಮಾತನ್ನು ತುಟಿಗೆ ತಂದುಕೊಂಡಿದ್ದಳು. ಅವರೇ ಮೊದಲು ಮಾತಾಡಿದರು, ಒಂದೊಂದೇ ಇಂಗ್ಲಿಷ್ ಪದ ಹುಡುಕಿಕೊಂಡು.

“ಕೇಳಬಾರದೇನೋ, ಕ್ಷಮಿಸಿ. ನರಾ-ಸಾನ್ ಗಂಟಲಿನ ಕಾಯಿಲೆಯಿಂದಲೇ ಹೋದರೇ?”

“ಗಂಟಲು? ಇಲ್ಲ. ಹೃದಯ. ಬಸ್‌ಸ್ಟಾಪಿನಲ್ಲಿ...”

“ಹಾಗೋ. ಎರಡು ವರ್ಷದಿಂದ ಅವರು ಹಾಡುತ್ತಿರಲಿಲ್ಲ. ಕೇಳಿದರೆ, ಗಂಟಲು ಸರಿಯಿಲ್ಲ, ಡಾಕ್ಟರು ಹಾಡಬೇಡ ಅಂದಿದ್ದಾರೆ ಎನ್ನುತ್ತಿದ್ದರು.”

ಜೊತೆಗೆ ಬಂದಿದ್ದ ಇಂಚರಾ ತಾಯಿಯ ಮುಖ ನೋಡಿದಳು. ಅಂದು ಕಾರಿನ ಹಿಂದಿನ ಸೀಟಿನಲ್ಲಿ ಅವಳೂ ಇದ್ದಳು.

*

ಅದು ಎರಡು ವರ್ಷದ ಹಿಂದೆ ಆಮ್‌ಸ್ಟಲ್‌ವೇನ್ ಊರಿನಲ್ಲಿ ನಡೆದ ಆಫೀಸಿನ ವರ್ಷಾಂತ್ಯದ ಊಟ. ಮನೆಯವರನ್ನೂ ಕರೆದಿದ್ದರು. ಊಟವಾದ ಮೇಲೆ ಪರದೆಯ ಮೇಲೆ ಹಾಡಿನ ಅಕ್ಷರಗಳು ಬಂದವು. ಟೈ ಕಟ್ಟಿದ ಗಂಡಸರೆಲ್ಲ ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದರು. ಮೈಕು ಮೇಜಿನ ನಡುವೆ ಬಿದ್ದಿತ್ತು. ನರಹರಿ ಎದ್ದು ಕೋಟು ಕಳಚಿದ, ಎಲ್ಲರಿಗೂ ಬಾಗಿದ, ಹಾಡಿದ. ಮೊದಲ ಪದಕ್ಕೇ ಶ್ರುತಿ ತಪ್ಪಿತು. ಗಂಡಸರು ನಕ್ಕರು, ಚಪ್ಪಾಳೆ ತಟ್ಟಿದರು, ಒಬ್ಬ ಮೇಜು ಬಡಿದ. ರೇಷ್ಮೆ ಸೀರೆಯುಟ್ಟು ಕುಳಿತಿದ್ದ ಅನಸೂಯಳಿಗೆ ಕಿವಿ ಸುಟ್ಟಂತಾಯಿತು. ಊಟದ ತಟ್ಟೆಯಿಂದ ಅವಳು ತಲೆಯೆತ್ತಲಿಲ್ಲ.

ಕಾರಿನಲ್ಲಿ ಅಂದಳು, “ಎಲ್ಲಾ ನಗ್ತಿದ್ರು. ನೋಡಿದ್ರಾ?”

“ನಗ್ಲಿ ಬಿಡೇ. ಅದಕ್ಕೇ ಹಾಡೋದು.”

“ಭಜನೇಲಿ ಆಗಿದ್ದು ಸಾಲ್ದಾ? ನಿಮಗೆ ನಾಚಿಕೆ ಇಲ್ಲ, ನನಗಿದೆ. ಇನ್ಮೇಲೆ ಎಲ್ಲೂ ಬಾಯಿ ಬಿಡಬೇಡಿ.”

ನರಹರಿ ಇಂಡಿಕೇಟರ್ ಹಾಕಿ ಕನ್ನಡಿ ನೋಡಿದ. “ಆಯ್ತು,” ಎಂದ.

ಆಮೇಲೆ ಕಸದ ಚೀಲ ಮೆಟ್ಟಿಲಿಳಿಯುವಾಗ ಸದ್ದಾಗುತ್ತಿರಲಿಲ್ಲ. ಮನೆ ಶಾಂತವಾಯಿತೆಂದು ಅನಸೂಯ ತಿಳಿದಿದ್ದಳು.

*

“ಬಂದ ಹೊಸತರಲ್ಲಿ ನನ್ನನ್ನು ಕೇಳಿದ್ದರು,” ಎಂದರು ಕುರೋಡಾ. “ಗಂಡಸರಿಗೆ ಹಾಡಲು ಎಲ್ಲಕ್ಕಿಂತ ಸುಲಭವಾದ ಹಾಡು ಯಾವುದು ಎಂದು. ಹೇಳಿಕೊಟ್ಟೆ. ನಮಗೆ ಮೊದಲು ಹಾಡುವುದೆಂದರೆ ಬಹಳ ನಾಚಿಕೆ. ನಾನು ಮೇಲಿನವನು, ನಾನು ಚೆನ್ನಾಗಿ ಹಾಡಿದರೆ ಉಳಿದವರಿಗೆ ಭಯ, ಕೆಟ್ಟದಾಗಿ ಹಾಡಿದರೆ ನನಗೆ ಅವಮಾನ. ನರಾ-ಸಾನ್ ಎದ್ದು ಅಷ್ಟು ಕೆಟ್ಟದಾಗಿ ಹಾಡಿದ ಮೇಲೆ ಯಾರಿಗೂ ನಾಚಿಕೆ ಉಳಿಯುತ್ತಿರಲಿಲ್ಲ. ಅವರಿಗೆ ಅದು ಗೊತ್ತಿತ್ತು.”

“ಈಗ?”

“ಈಗ ಹಾಡಲು ಹೋಗುವುದಿಲ್ಲ. ಒಂದು ಸಲ ಹೋದೆವು. ಯಾರೂ ಆರಂಭಿಸಲಿಲ್ಲ. ಊಟ ಮಾಡಿ ಬಂದೆವು.”

ಮಾಡಿನ ಮೇಲೆ ವಿಮಾನವೊಂದು ತಗ್ಗಿ ಹಾರಿತು. ಸದ್ದು ಅಡಗುವವರೆಗೆ ಅನಸೂಯ ಕಾದಳು.

“ಕಸ ಅಂದರೆ ಏನು?”

ಕುರೋಡಾ ಮೂಲೆಯ ಸ್ಟ್ಯಾಂಡಿನ ಕಡೆ ಕೈ ತೋರಿಸಿದರು. “ಕೊಡೆ. ‘ಕೊಡೆ ನಿನಗಿರಲಿ’ ಎನ್ನುತ್ತಾನೆ ಒಬ್ಬ, ಬಂದರಿನಲ್ಲಿ. ಆಮೇಲೆ ಮಳೆಯಲ್ಲಿ ನಡೆದು ಹೋಗುತ್ತಾನೆ. ಅಷ್ಟೇ ಹಾಡು.”

“ಅವರ ಗಂಟಲು ಚೆನ್ನಾಗಿತ್ತು,” ಎಂದಳು ಅನಸೂಯ. ಇಂಗ್ಲಿಷಿನಲ್ಲಿ ಆ ಮಾತು ಇನ್ನೂ ಬತ್ತಲೆಯಾಗಿ ಕೇಳಿಸಿತು. “ಹಾಡಬೇಡ ಅಂದದ್ದು ಡಾಕ್ಟರಲ್ಲ. ನಾನು.”

ಕುರೋಡಾ ಮತ್ತೆ ಬಾಗಿದರು, ಮೊದಲಿಗಿಂತ ಹೆಚ್ಚು ಹೊತ್ತು. ಅದು ಕ್ಷಮೆಯೋ, ಅವಳ ಮುಖ ನೋಡದಿರಲೆಂದು ಮಾಡಿದ ಉಪಕಾರವೋ ಅವಳಿಗೆ ತಿಳಿಯಲಿಲ್ಲ.

*

“ಹಾಡ್ತಾರಂತೆ,” ಎಂದಳು ಅನಸೂಯ, ಒಳಗೆ ಬಂದು.

“ಅತ್ತಿಗೆ, ನಿಮ್ಮಿಷ್ಟ. ಆದ್ರೆ ಬೇಡ ಅಂತ ಹೇಳೋಕೇ ಹೋಗಿದ್ರಲ್ಲ?”

“ಬೇಡ ಅಂತ ಒಂದ್ಸಲ ಹೇಳಿ ಆಗಿದೆ, ಶ್ರೀಪಾದ.”

ಚಿತಾಗಾರದ ಡಚ್ ಹೆಂಗಸು ಇಂಚರಾಳ ಫೋನನ್ನು ಸ್ಪೀಕರಿಗೆ ಜೋಡಿಸಿಕೊಟ್ಟಳು. ಕಪ್ಪು ಸೂಟಿನವರು ಶವಪೆಟ್ಟಿಗೆಯ ಬದಿಗೆ ಸಾಲಾಗಿ ನಿಂತು ಮುಂದೆ ಕೈಕಟ್ಟಿಕೊಂಡರು. ವಾದ್ಯ ಆರಂಭವಾಯಿತು. ಹಾಡುವವನಿಗಾಗಿ ಬಿಟ್ಟ ಜಾಗ ಬಂತು. ಯಾರ ದನಿಯೂ ಹೊರಡಲಿಲ್ಲ. ಕುರೋಡಾ ತುಟಿ ತೆರೆದು ಮುಚ್ಚಿದರು. ಅವರ ಕಿವಿ ಕೆಂಪಗಾಗಿತ್ತು. ಉಳಿದವರು ಬೂಟಿನ ತುದಿ ನೋಡುತ್ತಿದ್ದರು. ಮೊದಲ ಸಾಲು ಖಾಲಿಯಾಗಿಯೇ ಸಾಗಿ ಹೋಯಿತು, ಎರಡನೆಯದೂ. ಭಜನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಅಮ್ಮ, ಶಲ್ ಐ ಸ್ಟಾಪ್ ಇಟ್?” ಇಂಚರಾ ಫೋನಿನತ್ತ ಕೈ ಚಾಚಿದಳು.

“ಮೊದಲಿನಿಂದ ಹಾಕು.”

ಅನಸೂಯ ಎದ್ದು ಹೋಗಿ ಆ ಸಾಲಿನ ತುದಿಯಲ್ಲಿ ನಿಂತಳು. ಶ್ರೀಪಾದ ನೋಡುತ್ತಿದ್ದ, ಎಲ್ಲರೂ ನೋಡುತ್ತಿದ್ದರು. ಅವಳ ಕಿವಿ ಮತ್ತೆ ಸುಡತೊಡಗಿತು. ವಾದ್ಯ ಮೊದಲಿನಿಂದ ಬಂತು, ಜಾಗ ಬಿಟ್ಟಿತು.

“ಕಸ,” ಎಂದಳು. ಸ್ವರ ತಪ್ಪಿತು. ಭಜನೆಯ ಸಾಲಿನಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು.

“ವಾ ಕಿಮಿ ನಿ...”

ಅವಳ ಬಲಗೈ ತನಗೆ ತಾನೇ ಎದ್ದು, ಮುಷ್ಟಿ ಕಟ್ಟಿ, ಚೀಲದ ಗಂಟು ಹಿಡಿದವರಂತೆ ಎದೆಯ ಹತ್ತಿರ ನಿಂತಿತ್ತು. ಮುಂದಿನ ಪದ ಅವಳಿಗೆ ಬರುತ್ತಿರಲಿಲ್ಲ. ಅಲ್ಲಿಗೆ ಕುರೋಡಾರ ದನಿ ಬಂದು ಸೇರಿತು. ಅದೂ ಶ್ರುತಿಗೆ ಹೊರಗೇ ಇತ್ತು.